‘ದಿ ಬಾಯ್ ಆ್ಯಂಡ್ ದಿ ಹೆರಾನ್’ ಚಿತ್ರದ ಬಗ್ಗೆ ಬಂದ ಅಭಿಪ್ರಾಯಗಳು: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. 8ರಿಂದ 10ನೇ ತರಗತಿಯ ಮಕ್ಕಳಿಗೂ, ಬಿಡುವು ಮಾಡಿಕೊಂಡು ಬಂದಿದ್ದ ಪೋಷಕರಿಗೂ ಶಾಲೆಯ ಸಭಾಂಗಣದಲ್ಲಿ ತೋರಿಸಿದ ‘ದಿ ಬಾಯ್ ಆ್ಯಂಡ್ ದಿ ಹೆರಾನ್’ ಎಂಬ ಜಪಾನಿ ಅನಿಮೇಷನ್ ಚಿತ್ರದ ಬಗ್ಗೆ ನೀವು ಬರೆದು ಕಳುಹಿಸಿದ ಅಭಿಪ್ರಾಯಗಳನ್ನೂ ಮಕ್ಕಳು ತರಗತಿಯಲ್ಲಿ ಬರೆದುಕೊಟ್ಟ ಹಾಳೆಗಳನ್ನೂ ಒಂದೂ ಬಿಡದೆ ಓದಿದ್ದೇನೆ. ಚಿತ್ರವನ್ನು ಮನಸಾರೆ ಮೆಚ್ಚಿಕೊಂಡವರಿದ್ದೀರಿ, ತಲೆಬುಡ ತಿಳಿಯಲಿಲ್ಲ ಎಂದು ಬರೆದವರಿದ್ದೀರಿ, ತಾಯಿಯ ಸಾವನ್ನೂ ಹುಡುಗನೊಬ್ಬ ತನಗೆ ತಾನೇ ಗಾಯ ಮಾಡಿಕೊಳ್ಳುವುದನ್ನೂ ತೋರಿಸುವ ಚಿತ್ರ ಶಾಲೆಗೆ ಏಕೆ ಬೇಕಿತ್ತು ಎಂದು ಕೇಳಿದವರೂ ಇದ್ದೀರಿ. ಡೈರಿಯಲ್ಲಿ ಎರಡು ಸಾಲಿನ ಉತ್ತರ ಬರೆದು ಕಳುಹಿಸಿದರೆ ಇವುಗಳಲ್ಲಿ ಯಾವುದಕ್ಕೂ ನ್ಯಾಯ ಸಲ್ಲುವುದಿಲ್ಲ ಎನಿಸಿದ್ದರಿಂದ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ಚಿತ್ರ ನೋಡದವರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಕಾಲ ಎರಡನೇ ಮಹಾಯುದ್ಧದ್ದು. ಟೋಕಿಯೊದಲ್ಲಿ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದು ಮಹಿತೊ ಎಂಬ ಹುಡುಗನ ತಾಯಿ ತೀರಿಕೊಳ್ಳುತ್ತಾಳೆ. ಮರುವರ್ಷ ತಂದೆ ಅವನನ್ನು ಹಳ್ಳಿಯ ದೊಡ್ಡ ಮನೆಯೊಂದಕ್ಕೆ ಕರೆತರುತ್ತಾನೆ. ಅದು ತೀರಿಹೋದ ತಾಯಿಯ ತವರುಮನೆ. ಅವರನ್ನು ಎದುರುಗೊಳ್ಳುವ ನಾತ್ಸುಕೊ ಆ ತಾಯಿಯ ಒಡಹುಟ್ಟಿದ ತಂಗಿ. ಈಗ ತಂದೆಯ ಎರಡನೇ ಹೆಂಡತಿ, ಬಸುರಿ. ತೋಟದಾಚೆ ಪಾಳುಬಿದ್ದ ಗೋಪುರವೊಂದಿದೆ. ಅದನ್ನು ಕಟ್ಟಿಸಿದ ಮನೆತನದ ಹಿರಿಯಜ್ಜ ಒಂದು ದಿನ ಅದರೊಳಗೇ ಕಾಣೆಯಾದನಂತೆ. ಅದರ ಸುತ್ತ ಹಾರಾಡುವ ಬೂದು ಬಕವೊಂದು ಮಹಿತೊನ ಜೊತೆ ಮನುಷ್ಯರ ಮಾತಿನಲ್ಲೇ ಮಾತಾಡಿ, ನಿನ್ನ ತಾಯಿ ಸತ್ತಿಲ್ಲ ಎಂದು ಅವನನ್ನು ಕಾಡುತ್ತದೆ. ನಾತ್ಸುಕೊ ಕಾಡಿನತ್ತ ನಡೆದು ಕಾಣೆಯಾದಾಗ ಅವಳನ್ನು ಹುಡುಕುತ್ತ ಹುಡುಗ ಗೋಪುರ ಹೊಗುತ್ತಾನೆ. ಅಲ್ಲಿಂದ ಮುಂದೆ ಕಾಣುವುದು ನಮ್ಮ ಲೆಕ್ಕಕ್ಕೆ ಸಿಗದ ಇನ್ನೊಂದು ಲೋಕ. ಅಲ್ಲಿ ಸತ್ತವರೂ ಇನ್ನೂ ಹುಟ್ಟದವರೂ ಇದ್ದಾರೆ, ಮನುಷ್ಯರನ್ನು ತಿನ್ನುವ ಗಿಳಿಗಳ ದಂಡಿದೆ, ಬೆಂಕಿಯನ್ನು ಕೈವಶ ಮಾಡಿಕೊಂಡ ಹಿಮಿ ಎಂಬ ಹುಡುಗಿಯೂ ಇದ್ದಾಳೆ. ಹಿಮಿ ಬೇರೆ ಯಾರೂ ಅಲ್ಲ, ಮಹಿತೊನ ತಾಯಿಯೇ, ತನ್ನ ಬಾಲ್ಯದ ವಯಸ್ಸಿನಲ್ಲಿ.

ಇದರಲ್ಲಿ ನೆನಪು ಎಷ್ಟು, ಕಲ್ಪನೆ ಎಷ್ಟು ಎಂದು ಹಲವರು ಕೇಳಿದ್ದೀರಿ. ನಿರ್ದೇಶಕ ಹಯಾವೊ ಮಿಯಜಾಕಿ ಹುಟ್ಟಿದ್ದು 1941ರ ಜನವರಿಯಲ್ಲಿ, ಟೋಕಿಯೊದಲ್ಲಿ. ಅವರ ಮನೆಯವರ ಕಾರ್ಖಾನೆ ಯುದ್ಧವಿಮಾನಗಳ ಬಿಡಿಭಾಗಗಳನ್ನು ತಯಾರಿಸುತ್ತಿತ್ತು. ಚಿತ್ರದ ತಂದೆಯೂ ಅದೇ ಕೆಲಸದವನು. ಯುದ್ಧಕಾಲದಲ್ಲಿ ಕುಟುಂಬ ಟೋಕಿಯೊ ಬಿಟ್ಟು ಉತ್ಸುನೊಮಿಯಾದ ಕಡೆಗೆ ಹೋಯಿತು. 1945ರ ಜುಲೈಯಲ್ಲಿ ಆ ಊರಿನ ಮೇಲೆ ಬಾಂಬ್ ಬಿದ್ದಾಗ ಅವರು ನಾಲ್ಕು ವರ್ಷದ ಮಗು. ಯುದ್ಧ ಮುಗಿದ ಮೇಲೆ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಆದರೆ ಆ ತಾಯಿ ಬೆಂಕಿಗೆ ಸಿಕ್ಕಿ ಸತ್ತವರಲ್ಲ. ಮಗ ನಿರ್ದೇಶಕನಾದ ಮೇಲೂ ಬದುಕಿದ್ದರು. ಚಿತ್ರದಲ್ಲಿ ಇರುವುದು ಅವರ ಬದುಕಿನ ವರದಿಯಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡುತ್ತ ಬೆಳೆದ ಮಗುವಿನ ಮನಸ್ಸಿನಲ್ಲಿ ಕುಳಿತ ಭಯಕ್ಕೆ ಕೊಟ್ಟ ಆಕಾರ ಎಂದು ನಾನು ತಿಳಿದಿದ್ದೇನೆ. ಮಹಿತೊ ಎಂಬ ಪಾತ್ರ ಸ್ವತಃ ನಿರ್ದೇಶಕರಿಂದ, ಹಿರಿಯಜ್ಜನ ಪಾತ್ರ ಅವರ ಹಿರಿಯ ಸಹೋದ್ಯೋಗಿ ಇಸಾವೊ ತಕಹಾತಾ ಅವರಿಂದ ಬಂದದ್ದು ಎಂದು ನಿರ್ಮಾಪಕ ತೊಶಿಯೊ ಸುಜುಕಿ ಹೇಳಿದ್ದಾರೆ. ತಕಹಾತಾ 2018ರ ಏಪ್ರಿಲ್‌ನಲ್ಲಿ, ಈ ಚಿತ್ರದ ಕೆಲಸ ನಡೆಯುತ್ತಿದ್ದಾಗಲೇ ತೀರಿಕೊಂಡರು.

ಮೊದಲ ದೃಶ್ಯದ ಬಗ್ಗೆ ಹಲವು ಹಾಳೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಕಂಡಿತು. ಆಸ್ಪತ್ರೆ ಸುಟ್ಟದ್ದು ಅಮೆರಿಕದ ವಿಮಾನ ದಾಳಿಯಿಂದ ಎಂದು ಮಕ್ಕಳೂ ಕೆಲವು ಪೋಷಕರೂ ಬರೆದಿದ್ದೀರಿ. ಯುದ್ಧದ ಮೂರನೇ ವರ್ಷ ತಾಯಿ ಸತ್ತಳು ಎಂದು ಚಿತ್ರವೇ ಹೇಳುತ್ತದೆ. ಟೋಕಿಯೊವನ್ನು ಸುಟ್ಟ ದೊಡ್ಡ ವಾಯುದಾಳಿ ನಡೆದದ್ದು 1945ರ ಮಾರ್ಚ್‌ನಲ್ಲಿ, ಅದಕ್ಕಿಂತ ಬಹಳ ತಡವಾಗಿ. ಬೆಂಕಿ ಹೇಗೆ ಹತ್ತಿತು ಎಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ದೂರಲು ಶತ್ರುವಿಲ್ಲದ ಸಾವು ಅದು. ಹುಡುಗನ ಸಿಟ್ಟು ತನ್ನ ಮೇಲೆಯೇ ತಿರುಗುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ತೋರುತ್ತದೆ.

ಇನ್ನು ‘ಅರ್ಥವಾಗಲಿಲ್ಲ’ ಎಂಬ ಮಾತು. ಇದು ನಮ್ಮ ಸಭಾಂಗಣದಲ್ಲಿ ಮಾತ್ರ ಕೇಳಿಬಂದದ್ದಲ್ಲ. 2023ರ ಜುಲೈ 14ರಂದು ಜಪಾನಿನಲ್ಲಿ ಬಿಡುಗಡೆಯಾದಾಗ ಚಿತ್ರವನ್ನು ತಯಾರಿಸಿದ ಸ್ಟುಡಿಯೋ ಘಿಬ್ಲಿ ಟ್ರೇಲರ್ ಬಿಡಲಿಲ್ಲ, ಜಾಹೀರಾತು ಕೊಡಲಿಲ್ಲ. ಬಕದ ಚಿತ್ರವಿರುವ ಒಂದು ಪೋಸ್ಟರ್ ಬಿಟ್ಟರೆ ಜನರಿಗೆ ಮುಂಚಿತವಾಗಿ ಏನೂ ಗೊತ್ತಿರಲಿಲ್ಲ. ನೋಡಿ ಹೊರಬಂದವರಲ್ಲಿ ಇದು ಮಿಯಜಾಕಿಯವರ ಅತ್ಯುತ್ತಮ ಚಿತ್ರಗಳಲ್ಲೊಂದು ಎಂದವರೂ ಇದ್ದರು, ಎಳೆ ಹಿಡಿಯಲಾಗದ ಗೊಂದಲ ಎಂದವರೂ ಇದ್ದರು. 2024ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಾಗಿ ಆಸ್ಕರ್ ಬಂದ ಮೇಲೂ ಈ ಭಿನ್ನಾಭಿಪ್ರಾಯ ಉಳಿದೇ ಇದೆ. ಬಿಡುಗಡೆಗೆ ಮುಂಚೆ ತಮ್ಮವರಿಗೇ ತೋರಿಸಿದಾಗ, ನಿಮಗೆ ಅರ್ಥವಾಗದೆ ಇರಬಹುದು, ನನಗೂ ಅರ್ಥವಾಗದ ಭಾಗಗಳಿವೆ ಎಂಬರ್ಥದ ಮಾತನ್ನು ನಿರ್ದೇಶಕರೇ ಹೇಳಿದರೆಂದು ವರದಿಯಾಗಿತ್ತು. ಇದನ್ನು ಓದಿದ್ದ ತಂದೆಯೊಬ್ಬರು, ಮಾಡಿದವರಿಗೇ ತಿಳಿಯದ್ದನ್ನು ಮಕ್ಕಳ ಮುಂದೆ ಇಡುವುದೇಕೆ ಎಂದು ಬರೆದಿದ್ದಾರೆ. ಅವರ ಪ್ರಶ್ನೆಯಲ್ಲಿ ಕಾಳಜಿಯಿದೆ. ನನ್ನ ಉತ್ತರ ಇಷ್ಟೇ: ಪಾಠಪುಸ್ತಕದಲ್ಲಿ ನಾವು ಮಕ್ಕಳಿಗೆ ಕೊಡುವುದೆಲ್ಲ ಉತ್ತರ ಗೊತ್ತಿರುವ ಪ್ರಶ್ನೆಗಳು. ಮನೆಯಲ್ಲಿ ಸಾವು ಸಂಭವಿಸಿದ ಮಗುವಿಗೆ ಎದುರಾಗುವ ಪ್ರಶ್ನೆಗಳು ಆ ಬಗೆಯವಲ್ಲ. ಅವುಗಳ ಜೊತೆ ಸ್ವಲ್ಪ ಹೊತ್ತು ಕೂತಿರುವ ಅಭ್ಯಾಸವೂ ಶಾಲೆಯಲ್ಲಿ ಆಗಬೇಕು ಎಂದು ನಾನು ನಂಬಿದ್ದೇನೆ.

ಹಾಗೆಂದು ಆಕ್ಷೇಪಗಳೆಲ್ಲ ತಪ್ಪು ಎನ್ನುವುದಿಲ್ಲ. ದ್ವಿತೀಯಾರ್ಧದಲ್ಲಿ ಗೋಪುರದೊಳಗಿನ ಲೋಕದ ಕಟ್ಟಳೆಗಳು ಹೇಳದೆ ಕೇಳದೆ ಬದಲಾಗುತ್ತವೆ, ಒಂದು ಅಚ್ಚರಿ ಮನಸ್ಸಿಗೆ ಇಳಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ ಎಂದು ತಾಯಿಯೊಬ್ಬರು ಬರೆದದ್ದು ಸರಿಯಾಗಿದೆ. ನಾತ್ಸುಕೊ ಏಕೆ ಆ ಗೋಪುರಕ್ಕೆ ಹೋದಳು ಎಂಬುದಕ್ಕೆ ಚಿತ್ರ ಇನ್ನಷ್ಟು ಜಾಗ ಕೊಡಬೇಕಿತ್ತು ಎಂಬ ಮಾತೂ ನನಗೆ ಒಪ್ಪಿಗೆ. ಮುಕ್ತಾಯವಂತೂ ಥಟ್ಟನೆ ಬರುತ್ತದೆ. ಯುದ್ಧ ಮುಗಿದು ಎರಡು ವರ್ಷದ ಮೇಲೆ ಟೋಕಿಯೊಗೆ ಹೊರಡುತ್ತೇವೆ ಎನ್ನುತ್ತಾನೆ ಹುಡುಗ, ಕೋಣೆಯಿಂದ ಹೊರಬರುತ್ತಾನೆ, ಅಷ್ಟೇ. ಎರಡು ಗಂಟೆ ನಾಲ್ಕು ನಿಮಿಷದ ಚಿತ್ರ ಮುಗಿದು ಹೆಸರುಗಳು ಬರತೊಡಗಿದರೂ 8ನೇ ತರಗತಿಯವರು ಇನ್ನೂ ಇದೆ ಎಂದುಕೊಂಡು ಕೂತೇ ಇದ್ದರು.

ಅತಿ ಹೆಚ್ಚು ಆತಂಕ ವ್ಯಕ್ತವಾದದ್ದು ಕಲ್ಲಿನ ದೃಶ್ಯದ ಬಗ್ಗೆ. ಹೊಸ ಶಾಲೆಯ ಮೊದಲ ದಿನ ಮಹಿತೊನನ್ನು ತಂದೆ ಕಾರಿನಲ್ಲಿ ಬಿಡುತ್ತಾನೆ. ಯುದ್ಧಕಾಲದ ಬಡ ಹಳ್ಳಿ ಅದು. ಕಾರಿನಿಂದ ಇಳಿದ ಕ್ಷಣಕ್ಕೇ ಅವನು ಉಳಿದ ಹುಡುಗರಿಂದ ಬೇರೆಯಾಗಿಬಿಡುತ್ತಾನೆ. ಸಂಜೆ ದಾರಿಯಲ್ಲಿ ಜಗಳ, ಹೊಡೆದಾಟ. ಅದು ಮುಗಿದ ಮೇಲೆ ಒಬ್ಬನೇ ನಡೆದು ಬರುವಾಗ ಒಂದು ಕಲ್ಲೆತ್ತಿಕೊಂಡು ತನ್ನ ತಲೆಯ ಪಕ್ಕಕ್ಕೆ ತಾನೇ ಜಜ್ಜಿಕೊಳ್ಳುತ್ತಾನೆ. ರಕ್ತ ಧಾರೆಯಾಗಿ ಇಳಿಯುತ್ತದೆ. ಮನೆಯಲ್ಲಿ ಕೇಳಿದಾಗ, ಬಿದ್ದೆ ಎನ್ನುತ್ತಾನೆ. ಯಾರೋ ಹೊಡೆದಿದ್ದಾರೆ ಎಂದು ತಂದೆ ತಾನೇ ತೀರ್ಮಾನಿಸಿ, ಶಾಲೆಗೆ ಹೋಗಿ ವಿಚಾರಿಸಿಕೊಳ್ಳುತ್ತೇನೆ ಎಂದು ಹೊರಡುತ್ತಾನೆ. ಮಗನ ಪಕ್ಕದಲ್ಲಿ ಕೂತು ಏನಾಯಿತಪ್ಪಾ ಎಂದು ಕೇಳುವ ವ್ಯವಧಾನ ಅವನಿಗಿಲ್ಲ. ಮಗನ ಮೇಲೆ ಪ್ರೀತಿಯಿಲ್ಲದ ತಂದೆಯಲ್ಲ ಅವನು. ಪ್ರೀತಿಯೆಲ್ಲ ಓಡಾಟಕ್ಕೇ ಖರ್ಚಾಗುತ್ತದೆ.

ಈ ದೃಶ್ಯ ಮಕ್ಕಳಿಗೆ ಕೆಟ್ಟದ್ದನ್ನು ಕಲಿಸೀತು ಎಂಬ ನಿಮ್ಮ ಭಯವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಪ್ರದರ್ಶನಕ್ಕೆ ಮೊದಲೇ ತರಗತಿ ಶಿಕ್ಷಕರು ಈ ದೃಶ್ಯವಿದೆ ಎಂದು ಮಕ್ಕಳಿಗೆ ತಿಳಿಸಿದ್ದರು. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಕ್ಕಳೊಡನೆ ಬೇರೆಯಾಗಿ ಮಾತಾಡಿ, ಬೇಡವೆಂದವರನ್ನು ಗ್ರಂಥಾಲಯದಲ್ಲಿ ಕೂರಿಸಿದ್ದರು. ಆದರೆ ದೃಶ್ಯವನ್ನು ಅಷ್ಟಕ್ಕೇ ಕತ್ತರಿಸಿ ನೋಡಬಾರದು ಎಂಬುದು ನನ್ನ ವಿನಂತಿ. ಕೊನೆಯಲ್ಲಿ ಹಿರಿಯಜ್ಜ ತನ್ನ ಲೋಕವನ್ನು ವಹಿಸಿಕೋ ಎಂದು ಕೆಡುಕು ಸೋಂಕದ ಕಲ್ಲುಗಳನ್ನು ಮುಂದಿಟ್ಟಾಗ ಮಹಿತೊ ಒಪ್ಪುವುದಿಲ್ಲ. ತಲೆಯ ಗಾಯವನ್ನು ತೋರಿಸಿ, ಇದನ್ನು ಮಾಡಿಕೊಂಡವನು ನಾನೇ, ಇದು ನನ್ನೊಳಗಿನ ಕೆಟ್ಟತನದ ಗುರುತು ಎನ್ನುತ್ತಾನೆ. ತನ್ನ ಲೋಕಕ್ಕೆ ಮರಳಿ ಗೆಳೆಯರನ್ನು ಮಾಡಿಕೊಳ್ಳುತ್ತೇನೆ ಎನ್ನುತ್ತಾನೆ. ಮನೆಯ ಹಿರಿಯರಿಗೆ ಬಿದ್ದೆ ಎಂದು ಸುಳ್ಳು ಹೇಳಿದ್ದ ಹುಡುಗ ನಿಜವನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಇಡೀ ಮಾಯಾಲೋಕವನ್ನು ದಾಟಿ ಬಂದಿರುತ್ತಾನೆ. ನನ್ನ ಮಟ್ಟಿಗೆ ಚಿತ್ರದ ಜೀವಾಳ ಇರುವುದು ಇಲ್ಲಿ. ಮನೆಯಲ್ಲಿ ಆಡಲಾಗದ ಮಾತನ್ನು ಆಡಲು ಅವನಿಗೆ ಒಂದು ಜಾಗ ಬೇಕಿತ್ತು. ಕಲ್ಪನೆ ಅವನಿಗೆ ಆ ಜಾಗ ಒದಗಿಸಿಕೊಡುತ್ತದೆ. 10ನೇ ತರಗತಿಯ ಹುಡುಗಿಯೊಬ್ಬಳು ಇದನ್ನು ನನಗಿಂತ ಚೆನ್ನಾಗಿ ಬರೆದಿದ್ದಾಳೆ: ‘ಅವನು ಅಮ್ಮನನ್ನು ಹುಡುಕಲು ಹೋಗಿ ಚಿಕ್ಕಮ್ಮನನ್ನು ಕರೆದುಕೊಂಡು ಬಂದ.’

ಈ ಚಿಕ್ಕಮ್ಮನ ಸಂಗತಿ ಕೆಲವರಿಗೆ ಮುಜುಗರ ತಂದಿದೆ. ಅಕ್ಕ ಸತ್ತ ಮೇಲೆ ಭಾವನನ್ನೇ ಮದುವೆಯಾಗುವುದನ್ನು ಮಕ್ಕಳಿಗೆ ತೋರಿಸಬೇಕೇ ಎಂದು ಕೇಳಿದ್ದೀರಿ. ಪ್ರದರ್ಶನಕ್ಕೆ ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಮುಗಿದ ಮೇಲೆ ನನ್ನ ಕೊಠಡಿಗೆ ಬಂದು, ತಮ್ಮ ಕಾಲದಲ್ಲಿ ಇಂಥ ಮದುವೆಗಳು ಎಷ್ಟೋ ನಡೆದಿದ್ದವು, ಆದರೆ ಹಾಗೆ ಬಂದ ಹೆಣ್ಣಿಗೆ ಹೇಗನಿಸಿತು ಎಂದು ಯಾರೂ ಕೇಳುತ್ತಿರಲಿಲ್ಲ ಎಂದರು. ಪ್ರಸವದ ಕೋಣೆಯಲ್ಲಿ ನಾತ್ಸುಕೊ ಮಹಿತೊನ ಮೇಲೆ ಹರಿಹಾಯ್ದು, ನೀನು ನನಗೆ ಬೇಡ, ಹೋಗು ಎಂದಾಗಲೇ ಅವನು ಅವಳನ್ನು ಮೊದಲ ಬಾರಿಗೆ ಅಮ್ಮಾ ಎಂದು ಕರೆಯುತ್ತಾನೆ. ಬೈಗುಳಕ್ಕೆ ಉತ್ತರವಾಗಿ ಬಂದ ಆ ಕರೆಯನ್ನು ಅಜ್ಜಿ ಎರಡು ಸಲ ನೆನೆಸಿಕೊಂಡರು.

ಮಕ್ಕಳ ಹಾಳೆಗಳಲ್ಲಿ ನಮ್ಮ ದೊಡ್ಡವರ ಚರ್ಚೆಯ ವಿಷಯಗಳು ಅಷ್ಟಾಗಿ ಇಲ್ಲ. ಅವರು ಕಂಡದ್ದೇ ಬೇರೆ. ಬಿದಿರಿನ ಬಾಣಕ್ಕೆ ಬಕದ ಗರಿ ಕೂರಿಸಲು ಮಹಿತೊ ಅನ್ನವನ್ನು ಹಿಸುಕಿ ಅಂಟು ಮಾಡಿಕೊಳ್ಳುವುದನ್ನು ಬಹಳ ಮಂದಿ ಬರೆದಿದ್ದಾರೆ, ಏಕೆಂದರೆ ಅನ್ನದ ಅಗುಳಿನಿಂದ ಕಾಗದ ಅಂಟಿಸುವುದು ಅವರಿಗೂ ಗೊತ್ತು. ಹಿಮಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಕೆಂಪು ಜಾಮ್ ಧಾರಾಳವಾಗಿ ಸುರಿದು ಕೊಟ್ಟದ್ದನ್ನು ಮಹಿತೊ ಮೂತಿಯೆಲ್ಲ ಮೆತ್ತಿಕೊಂಡು ತಿನ್ನುತ್ತ, ಅಮ್ಮ ಮಾಡಿಕೊಡುತ್ತಿದ್ದ ಹಾಗೆಯೇ ಇದೆ ಎನ್ನುವ ದೃಶ್ಯದಲ್ಲಿ ಅತ್ತೆವು ಎಂದು ಹುಡುಗರೂ ಸಂಕೋಚವಿಲ್ಲದೆ ಬರೆದಿದ್ದಾರೆ. ಸಾಯುತ್ತಿರುವ ಪೆಲಿಕನ್ ಹಕ್ಕಿಯ ಬಗ್ಗೆ ಅವರಲ್ಲಿ ವಾದವೇ ನಡೆದಿದೆ. ಹುಟ್ಟಲೆಂದು ಮೇಲಕ್ಕೆ ತೇಲುವ ಪುಟ್ಟ ಬಿಳಿಯ ಜೀವಗಳನ್ನು ಈ ಹಕ್ಕಿಗಳು ನುಂಗುತ್ತವೆ. ಆದರೆ ಈ ಸಮುದ್ರದಲ್ಲಿ ನಮಗೆ ತಿನ್ನಲು ಸಾಕಷ್ಟು ಮೀನಿಲ್ಲ, ಬೇರೆಲ್ಲಿಗೂ ಹಾರಿಹೋಗಲು ದಾರಿಯಿಲ್ಲ ಎಂದು ಹೇಳಿ ಪ್ರಾಣ ಬಿಡುವ ಮುದಿ ಹಕ್ಕಿಯನ್ನು ಮಹಿತೊ ಗುಂಡಿ ತೋಡಿ ಹೂಳುತ್ತಾನೆ. ಹಕ್ಕಿಗಳದ್ದು ತಪ್ಪೇ ಎಂಬ ಪ್ರಶ್ನೆಗೆ 9ನೇ ತರಗತಿ ಎರಡು ಪಾಲಾಗಿದೆ. ಯಾವ ಪಾಲೂ ಸೋತಿಲ್ಲ, ಶಿಕ್ಷಕರೂ ತೀರ್ಪು ಕೊಟ್ಟಿಲ್ಲ.

ಹಿಮಿಯ ಕೊನೆಯ ಆಯ್ಕೆಯೇ ಅತಿ ಹೆಚ್ಚು ಹಾಳೆಗಳಲ್ಲಿ ಇರುವುದು. ತನ್ನ ಕಾಲದ ಬಾಗಿಲು ತೆರೆದು ಹೋದರೆ ಮುಂದೊಂದು ದಿನ ಆಸ್ಪತ್ರೆಯ ಬೆಂಕಿಯಲ್ಲಿ ಸಾಯುತ್ತಾಳೆ ಎಂದು ಮಹಿತೊ ಎಚ್ಚರಿಸುತ್ತಾನೆ. ಅವಳು ನಗುತ್ತ, ಬೆಂಕಿಗೆ ನಾನು ಹೆದರುವವಳಲ್ಲ, ನಿನ್ನನ್ನು ಹೆರುವ ಭಾಗ್ಯ ಸಿಗುತ್ತದಲ್ಲ ಎಂಬರ್ಥದ ಮಾತು ಹೇಳಿ ಹೋಗುತ್ತಾಳೆ. ಅವಳು ಹೋಗಬಾರದಿತ್ತು ಎಂದು ಕೆಲವು ಮಕ್ಕಳು ಸಿಟ್ಟಿನಿಂದಲೇ ಬರೆದಿದ್ದಾರೆ. ಆ ಸಿಟ್ಟನ್ನು ಸಮಾಧಾನ ಮಾಡಲು ದಯವಿಟ್ಟು ಆತುರಪಡಬೇಡಿ.

ಮನೆಯಲ್ಲಿ ಈ ಚಿತ್ರದ ಮಾತು ಬಂದಾಗ ‘ಏನು ಅರ್ಥವಾಯಿತು, ಹೇಳು’ ಎಂದು ಶುರುಮಾಡದಿರಲು ಕೇಳಿಕೊಳ್ಳುತ್ತೇನೆ. ಹಾಗೆ ಕೇಳಿದಾಗ ಮಕ್ಕಳು ನಮಗೆ ಒಪ್ಪಿಗೆಯಾಗುವ ಉತ್ತರ ಹುಡುಕತೊಡಗುತ್ತಾರೆ. ತರಗತಿಯಲ್ಲಿ ನಾವೂ ಇದನ್ನು ದಿನವೂ ನೋಡುತ್ತೇವೆ. ಯಾವ ದೃಶ್ಯ ಇನ್ನೂ ಕಣ್ಣ ಮುಂದಿದೆ ಎಂದು ಕೇಳಿ. ಕಲ್ಲಿನ ದೃಶ್ಯವನ್ನು ಮಗು ಎತ್ತಿದರೆ ಮಾತು ತಪ್ಪಿಸಬೇಡಿ, ಗದರಬೇಡಿ. ನಿನಗೂ ಯಾವಾಗಲಾದರೂ ನಿನ್ನ ಮೇಲೆಯೇ ಅಷ್ಟು ಸಿಟ್ಟು ಬಂದದ್ದುಂಟೇ ಎಂದು ಶಾಂತವಾಗಿ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಉತ್ತರ ಕೇಳಿ ನಿಮಗೆ ಗಾಬರಿಯಾದರೆ ಅಂದೇ ತರಗತಿ ಶಿಕ್ಷಕರಿಗೋ ನೇರವಾಗಿ ನನಗೋ ತಿಳಿಸಿ. ಅದು ನಮ್ಮ ನಡುವೆಯೇ ಉಳಿಯುತ್ತದೆ.

6 ಮತ್ತು 7ನೇ ತರಗತಿಯವರಿಗೂ ಈ ಚಿತ್ರ ತೋರಿಸಿ ಎಂದು ಕೆಲವರು ಕೇಳಿದ್ದೀರಿ. ಆ ವಯಸ್ಸಿಗೆ ಮೊದಲ ಬೆಂಕಿಯ ದೃಶ್ಯವೂ ಕಲ್ಲಿನ ದೃಶ್ಯವೂ ಭಾರವಾಗುತ್ತವೆ ಎಂದು ನಾನೂ ಶಿಕ್ಷಕರೂ ಅಭಿಪ್ರಾಯಪಟ್ಟಿರುವುದರಿಂದ ಸದ್ಯಕ್ಕೆ ತೋರಿಸುವುದಿಲ್ಲ. ಇನ್ನೊಮ್ಮೆ ನೋಡಬೇಕೆಂದು ಕೇಳಿರುವ 9ನೇ ತರಗತಿಯವರಿಗಾಗಿ ಮುಂದಿನ ತಿಂಗಳ ಒಂದು ಶನಿವಾರ, ಅರ್ಧ ದಿನದ ತರಗತಿ ಮುಗಿದ ಮೇಲೆ ಮರುಪ್ರದರ್ಶನ ಇಟ್ಟುಕೊಳ್ಳುತ್ತೇವೆ. ದಿನಾಂಕವನ್ನು ಡೈರಿಯಲ್ಲಿ ಬರೆದು ಕಳುಹಿಸಲಾಗುವುದು. ಆಕ್ಷೇಪ ಬರೆದ ಪೋಷಕರು ಅಂದು ತಪ್ಪದೆ ಬರಬೇಕೆಂದು ವಿಶೇಷವಾಗಿ ಕೋರುತ್ತೇನೆ. ಚಿತ್ರ ಮುಗಿದ ಮೇಲೆ ನಾವೆಲ್ಲ ಒಟ್ಟಿಗೆ ಕೂತು ಮಾತಾಡಲು ಒಂದು ಗಂಟೆ ಮೀಸಲಿಟ್ಟಿದ್ದೇವೆ. ಮಗುವನ್ನು ಕಳುಹಿಸಲು ಇಷ್ಟವಿಲ್ಲದವರು ಒಂದು ಚೀಟಿ ಬರೆದು ಕಳುಹಿಸಿದರೆ ಸಾಕು, ಕಾರಣ ಬರೆಯಬೇಕೆಂದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ