ಹಸ್ತಪ್ರತಿ ಕೊಡುವ ಮುನ್ನ ಒಂದು ಹಾಳೆಯ ಕರಾರು

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಪುಸ್ತಕ ಬಿಡುಗಡೆಯಿಲ್ಲದ ಭಾನುವಾರ ಈಗ ಅಪರೂಪವೆನ್ನಬಹುದು. ಕುವೆಂಪು ಕನ್ನಡ ಭವನದಲ್ಲಿ ಹಾರ, ಶಾಲು, ಭಾಷಣಗಳೆಲ್ಲ ಮುಗಿದ ಮೇಲೆ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ಲೇಖಕರನ್ನು ‘ಪ್ರಕಾಶಕರ ಜೊತೆ ಏನು ಬರೆದುಕೊಂಡಿದ್ದೀರಿ?’ ಎಂದು ಕೇಳಿದರೆ, ಹೆಚ್ಚಿನವರಿಂದ ಬರುವ ಉತ್ತರ ‘ಅವರು ನಮ್ಮವರೇ ಸಾರ್, ಬರೆದುಕೊಳ್ಳೋದೇನಿದೆ?’ ಎಂಬುದು. ನಾನೂ ಒಮ್ಮೆ ಹೀಗೆಯೇ ಹೇಳಿದವನಾದ್ದರಿಂದ, ಪತ್ರಿಕೆಗಳಿಗೆ ಹವ್ಯಾಸಿಯಾಗಿ ಬರೆಯುವವರ ಮತ್ತು ಕೈಯಿಂದ ಹಣ ಹಾಕಿ ಪುಸ್ತಕ ತರುವವರ ಗಮನಕ್ಕೆ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ತರಬಯಸುತ್ತೇನೆ.

ಎಂಟು ವರ್ಷಗಳ ಹಿಂದೆ, ನಮ್ಮ ಊರಿನ ಹತ್ತಿ ಗಿರಣಿಗಳ ಕುರಿತು ಬರೆದಿದ್ದ ಲೇಖನಗಳನ್ನು ಒಟ್ಟುಗೂಡಿಸಿ ಪುಸ್ತಕ ಮಾಡಲು ಹೊರಟಾಗ, ಹೊರಗಿನ ಪ್ರಕಾಶಕರೊಬ್ಬರು ಮುದ್ರಣದ ಖರ್ಚನ್ನು ನನ್ನಿಂದಲೇ ಪಡೆದು, ಐನೂರು ಪ್ರತಿಗಳಲ್ಲಿ ನೂರನ್ನು ನನಗೆ ಕೊಟ್ಟು, ಉಳಿದವನ್ನು ಮಾರಿ ಲೆಕ್ಕ ಒಪ್ಪಿಸುವುದಾಗಿ ಫೋನಿನಲ್ಲಿ ಹೇಳಿದರು. ಆ ಲೆಕ್ಕ ಇಂದಿಗೂ ಬಂದಿಲ್ಲ. ಮರುಮುದ್ರಣಕ್ಕೆಂದು ಪುಟವಿನ್ಯಾಸದ ಫೈಲು ಕೇಳಿದರೆ, ಡಿಟಿಪಿ ಮಾಡಿದ ಹುಡುಗ ಕೆಲಸ ಬಿಟ್ಟು ಹೋದನೆಂಬ ಉತ್ತರ ಬಂತು. ಆರು ತಿಂಗಳು ಕಾಡಿಸಿ ಕೊನೆಗೊಂದು ಸಿ.ಡಿ. ಕಳುಹಿಸಿದರು. ಹಳೆಯ ಆಸ್ಕಿ ಫಾಂಟಿನಲ್ಲಿದ್ದ ಆ ಪಠ್ಯವನ್ನು ನನ್ನ ಮಗಳು, ಎಲ್ಲ ಕಂಪ್ಯೂಟರುಗಳಲ್ಲೂ ಓದಲಾಗುವ ಯೂನಿಕೋಡ್‌ಗೆ ಪರಿವರ್ತಿಸಿದಾಗ, ಅರ್ಕಾವತ್ತುಗಳೆಲ್ಲ ಒಂದಕ್ಷರ ಆಚೆಗೆ ಜಾರಿದ್ದವು. ‘ವರ್ಷ’ ಹೋಗಿ ‘ವಷರ್’ ಆಗಿತ್ತು, ‘ಕಾರ್ಮಿಕ’ ಹೋಗಿ ‘ಕಾಮಿರ್ಕ’ ಆಗಿತ್ತು. ಗಿರಣಿಗಳ ಬಗೆಗಿನ ಪುಸ್ತಕದಲ್ಲಿ ಕಾರ್ಮಿಕ ಎಂಬ ಪದ ಎಷ್ಟು ಸಲ ಬರುತ್ತದೆಂಬುದನ್ನು ಓದುಗರೇ ಊಹಿಸಬಹುದು. ಅವಳ ಬೇಸಿಗೆ ರಜೆ ಪೂರ್ತಿ ಆ ಕರಡು ತಿದ್ದುವುದರಲ್ಲೇ ಕಳೆಯಿತು.

ಪ್ರಕಾಶಕರನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನನ್ನ ಕೈಯಲ್ಲಿ ಒಂದು ಹಾಳೆಯ ಕರಾರು ಇದ್ದಿದ್ದರೆ ಇಷ್ಟೂ ತಪ್ಪುತ್ತಿತ್ತು ಮತ್ತು ಕಾನೂನು ಲೇಖಕನ ಪರವಾಗಿಯೇ ಇದೆ ಎಂಬುದು ನನಗೆ ತಡವಾಗಿ ತಿಳಿಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವನದು, ನೋಂದಣಿ ಕಡ್ಡಾಯವಲ್ಲ. ಲೇಖಕನ ಜೀವಿತಾವಧಿಯ ನಂತರವೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಅದೇ ಕಾಯ್ದೆಯ 19ನೇ ಕಲಮಿನಂತೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಕೊಡಬೇಕು. ಫೋನಿನ ಮಾತಿನಿಂದ ಹಕ್ಕು ಕೈ ಬದಲಾಗುವುದಿಲ್ಲ. ಅವಧಿಯನ್ನು ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಭಾವಿಸಲಾಗುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಸುಮ್ಮನೆ ಇಟ್ಟುಕೊಂಡರೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದ ಪಕ್ಷದಲ್ಲಿ, ಆ ಹಕ್ಕು ಲೇಖಕನಿಗೇ ಮರಳುತ್ತದೆ. ಹಸ್ತಪ್ರತಿ ಕೊಟ್ಟು ಮೂರು ವರ್ಷ ಕಾದು ಕುಳಿತವರನ್ನು ಚಿತ್ರದುರ್ಗದಲ್ಲಿಯೂ ಕಂಡಿದ್ದೇನೆ, ಇಲ್ಲಿಯೂ ಕಂಡಿದ್ದೇನೆ. ಅವರಾರಿಗೂ ಈ ಮಾತು ಗೊತ್ತಿರಲಿಲ್ಲ.

ಆದ್ದರಿಂದ ಕರಾರಿನಲ್ಲಿ ಎಷ್ಟು ಪ್ರತಿ, ಎಷ್ಟು ಗೌರವಧನ, ಲೆಕ್ಕ ಯಾವ ತಿಂಗಳಲ್ಲಿ ಎಂಬುದರ ಜೊತೆಗೆ, ಮುದ್ರಣ, ಇ-ಪುಸ್ತಕ, ಆಡಿಯೊ, ಅನುವಾದ ಇವುಗಳಲ್ಲಿ ಯಾವುದನ್ನು ಕೊಡುತ್ತಿದ್ದೇವೆ, ಯಾವುದನ್ನು ಉಳಿಸಿಕೊಳ್ಳುತ್ತಿದ್ದೇವೆ ಎಂಬುದನ್ನು ಬೇರೆಬೇರೆಯಾಗಿ ಬರೆಯಿಸಬೇಕು. ಪುಟವಿನ್ಯಾಸದ ಖರ್ಚು ಲೇಖಕನೇ ಕೊಟ್ಟಿದ್ದರೆ, ತಿದ್ದುಪಡಿಯಾದ ಅಂತಿಮ ಪಠ್ಯವನ್ನು ಯೂನಿಕೋಡ್‌ನಲ್ಲಿಯೂ, ಮುದ್ರಣಕ್ಕೆ ಹೋದ ಪಿಡಿಎಫ್ ಅನ್ನೂ ಲೇಖಕನಿಗೆ ಒಪ್ಪಿಸತಕ್ಕದ್ದು ಎಂಬ ಸಾಲನ್ನು ಮರೆಯಬಾರದು. ನನ್ನನ್ನು ಕೇಳಿದರೆ ಗೌರವಧನದ ಸಾಲಿಗಿಂತಲೂ ಇದೇ ಮುಖ್ಯ.

ಪತ್ರಿಕೆಗಳಿಗೆ ಬಿಡಿ ಲೇಖನ ಬರೆಯುವವರ ಸ್ಥಿತಿ ಕೊಂಚ ಸುಲಭ. ಸಂಬಳದ ಮೇಲಿರುವ ಪತ್ರಕರ್ತ ಪತ್ರಿಕೆಗಾಗಿ ಬರೆದದ್ದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕರದು. ಹವ್ಯಾಸಿ ಬರಹಗಾರನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಲೇಖನದ ಜೊತೆಗಿನ ಪತ್ರದಲ್ಲಿ ‘ಪುಸ್ತಕ ರೂಪದ ಹಕ್ಕು ಲೇಖಕನದು’ ಎಂದು ಒಂದು ಸಾಲು ಬರೆದು, ಅಚ್ಚಾದ ತುಣುಕನ್ನು ದಿನಾಂಕ ಸಮೇತ ತೆಗೆದಿಟ್ಟರೆ ಮುಂದೆ ತಕರಾರಿರುವುದಿಲ್ಲ.

ಪೂರ್ತಿಯಾಗಿ ತಾವೇ ಪ್ರಕಾಶಕರಾಗುವವರು ಐಎಸ್‌ಬಿಎನ್‌ಗೆ ಹಣ ಕೇಳುವವರನ್ನು ನಂಬಬೇಕಾಗಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆಯು 13 ಅಂಕಿಗಳ ಈ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಲೇಖಕನೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆಯೇ ಹೊರತು ಹಕ್ಕುಪತ್ರವಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟಣೆಯ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳುಹಿಸುವುದು ಪ್ರಕಾಶಕನ ಹೊಣೆಯಾದ್ದರಿಂದ, ಸ್ವಂತ ಪ್ರಕಾಶನದಲ್ಲಿ ಅದೂ ನಮ್ಮ ಪಾಲಿಗೇ ಬರುತ್ತದೆ.

ಪ್ರೆಸ್ಸಿನಲ್ಲಿ ಕೇಳಬೇಕಾದ ಮೊದಲ ಮಾತು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟಿನ ಲೆಕ್ಕ. ಸಾಮಾನ್ಯ ಪುಸ್ತಕದ ಅಳತೆಯಾದ ಡೆಮಿ 1/8ರಲ್ಲಿ 16 ಪುಟಕ್ಕೆ ಒಂದು ಫಾರಂ. 128 ಪುಟವಾದರೆ ಎಂಟು ಫಾರಮ್ಮಿಗೆ ಸರಿಹೋಗುತ್ತದೆ. ಅದೇ 131 ಪುಟವಾದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ, ಕಡಿಮೆಯೆಂದರೆ ಅರ್ಧ ಫಾರಂ ಹಾಕಬೇಕಾಗಿ, ಖಾಲಿ ಕಾಗದಕ್ಕೂ ನಾವೇ ದುಡ್ಡು ತೆರುತ್ತೇವೆ. ನಮ್ಮ ಕಡೆಯ ಪುಸ್ತಕಗಳಲ್ಲಿ ಮುನ್ನುಡಿ, ಆಶಯ ನುಡಿ, ಶುಭ ನುಡಿ, ಹಾರೈಕೆ ಎಂದು ನಾಲ್ಕು ಜನ ಬರೆದಿರುತ್ತಾರೆ. ಇಬ್ಬರನ್ನು ಕೈಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ಸ್ನೇಹ ಮಾತ್ರ ಕೊಂಚ ಕೆಡಬಹುದು.

ಅಂಚೆ ಇಲಾಖೆಯು 2025ರ ಮೇ 1ರಿಂದ ಪುಸ್ತಕಗಳಿಗೆಂದೇ ಜ್ಞಾನ ಪೋಸ್ಟ್ ಸೇವೆ ಆರಂಭಿಸಿದ್ದು, ಆರಂಭದ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೊಗ್ರಾಂಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ಕೊರಿಯರ್‌ನವರ ದರ ಕೇಳಿದ ಮೇಲೆ ಒಮ್ಮೆ ಅಂಚೆ ಕಚೇರಿಗೂ ಹೋಗಿ ವಿಚಾರಿಸುವುದು ಒಳ್ಳೆಯದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡು ಸಾವಿರ ಪ್ರತಿ ಅಚ್ಚು ಹಾಕಿಸುವುದು ಮಾತ್ರ ಬೇಡ. ಮನೆಯ ಅಟ್ಟದ ಮೇಲೆ ಗೆದ್ದಲು ಹಿಡಿದ ಕಟ್ಟುಗಳನ್ನು ನೋಡಿ ಹೇಳುತ್ತಿರುವ ಮಾತಿದು. ಮೊದಲು ಇನ್ನೂರು ಪ್ರತಿ ಹಾಕಿಸಿದರೆ ಸಾಕು. ಪಿಡಿಎಫ್ ನಮ್ಮ ಬಳಿಯೇ ಇದ್ದರೆ ಬೇಕೆಂದಾಗ ಮತ್ತೆ ಅಚ್ಚು ಹಾಕಿಸಬಹುದು.

ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಘಟಕವು ಊರಿನ ವಕೀಲರೊಬ್ಬರ ನೆರವಿನಿಂದ, ಸಾಮಾನ್ಯ ಲೇಖಕನಿಗೂ ಅರ್ಥವಾಗುವ ಕನ್ನಡದಲ್ಲಿ, ಒಂದು ಹಾಳೆಯ ಮಾದರಿ ಕರಾರು ಪತ್ರವನ್ನು ಸಿದ್ಧಪಡಿಸಿ ಭವನದಲ್ಲಿ ಇಡಬೇಕೆಂದು ವಿನಂತಿಸುತ್ತೇನೆ. ಬಿಡುಗಡೆ ಸಮಾರಂಭಕ್ಕೆ ಸಭಾಂಗಣ ಕೇಳಲು ಬರುವ ಲೇಖಕರಿಗೆ ಅರ್ಜಿಯ ಜೊತೆಯಲ್ಲಿಯೇ ಅದರ ಜೆರಾಕ್ಸ್ ಪ್ರತಿ ಕೊಡಬಹುದು. ಮೊದಲ ನೂರು ಪ್ರತಿಗಳ ಜೆರಾಕ್ಸ್ ಖರ್ಚನ್ನು ನಾನೇ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಬರಹಗಾರ
ಪಿ.ಜೆ. ಬಡಾವಣೆ, ದಾವಣಗೆರೆ