ಎಲ್‌ಎಕ್ಯೂ ಬಂದ ರಾತ್ರಿ

ಪ್ರೀತಿಯ ಪುಟ್ಟಿ,

ಕಾಲೇಜಿನಿಂದ ವಿಧಾನಸೌಧಕ್ಕೆ ಹೋಗಿ ಬಂದ ದಿನ ಫೋನಿನಲ್ಲಿ ಎಷ್ಟು ಬೈದೆ ನೀನು! "ಬರೀ ಕಿರುಚಾಟ ಅಮ್ಮ. ಒಬ್ಬ ಮಂತ್ರಿ ಎದ್ದು 'ಉತ್ತರ ಒದಗಿಸಿದೆ' ಅಂದು ಕೂತೇಬಿಟ್ರು. ಇಷ್ಟಕ್ಕೆ ಅಷ್ಟು ದೊಡ್ಡ ಕಟ್ಟಡ ಬೇಕಾ?" ಅಂದೆ. ನನಗೆ ನಗು ಬಂತು. ಆ "ಒದಗಿಸಿದೆ" ಅನ್ನುವ ಒಂದು ಪದಕ್ಕೆ ನಿಮ್ಮಮ್ಮ ಎಷ್ಟು ರಾತ್ರಿ ಕಚೇರಿಯಲ್ಲಿ ಕೂತಿದ್ದಾಳೆ ಗೊತ್ತಾ?

ಶಾಸಕರು ವಿಧಾನಸಭೆಯಲ್ಲಿ ಬರೆದು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಎಲ್‌ಎಕ್ಯೂ, ಅಂದರೆ ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್, ಅನ್ನುತ್ತೇವೆ. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು ಬರುತ್ತದೆ. ಬರುವುದು ಯಾವಾಗಲೂ ಸಂಜೆ, ಬೇಕಾಗಿರುವುದು ಯಾವಾಗಲೂ ಅವತ್ತೇ. ಹಾಳೆಯ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. "ಸರ್ಕಾರದ ಗಮನಕ್ಕೆ ಬಂದಿದೆಯೇ?" ಎದುರಿಗೆ "ಬಂದಿದೆ". "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಎದುರಿಗೆ "ಪರಿಶೀಲನೆಯಲ್ಲಿದೆ". ಮೊದಲನೆಯದಕ್ಕೇ "ಬಂದಿಲ್ಲ" ಅಂದುಬಿಟ್ಟರೆ ಇನ್ನೂ ಸುಲಭ. ಮಿಕ್ಕಿದ್ದಕ್ಕೆಲ್ಲ "ಉದ್ಭವಿಸುವುದಿಲ್ಲ".

ನೀನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬಂತು. ಸ್ವಂತ ಕಟ್ಟಡ ಇಲ್ಲದ ಅಂಗನವಾಡಿಗಳು ಎಷ್ಟು? ನಿನಗೆ ಅವತ್ತು ಜ್ವರ. ಬೇಗ ಮನೆಗೆ ಬರಬೇಕಿತ್ತು. ಹಿಂದಿನ ವರ್ಷದ ಪಟ್ಟಿ ತೆಗೆದು ಸಂಖ್ಯೆ ಇಳಿಸಿಬಿಟ್ಟೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ವಿಚಾರಿಸಿದ್ರೇನಮ್ಮಾ?" ಅಂದರು. ಸದನಕ್ಕೆ ತಪ್ಪು ಉತ್ತರ ಹೋದರೆ ಮಂತ್ರಿ ಮೇಲೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರು ಅನ್ನುವ ದೂರು, ತರಬಹುದು. ಆಮೇಲೆ ಆ ಪೆಟ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಫೈಲು ಬರೆಯುವ ನನ್ನಂಥ ಕೇಸ್ ವರ್ಕರ್ ತಲೆಗೇ ಬೀಳುವುದು. ಮೇಲ್ವಿಚಾರಕಿಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಪಟ್ಟಿಯಲ್ಲಿ "ಸ್ವಂತ ಕಟ್ಟಡ" ಅಂತಿದ್ದ ಒಂದು ಕೇಂದ್ರದ ಸೂರು ಹಿಂದಿನ ಮಳೆಗಾಲದಲ್ಲೇ ಕುಸಿದಿತ್ತು. ಮಕ್ಕಳು ದೇವಸ್ಥಾನದ ಜಗುಲಿ ಮೇಲೆ. ವಿಶೇಷ ಪೂಜೆ ಇದ್ದ ದಿನ ರಜೆ. ನಮ್ಮ ಕಚೇರಿಯಿಂದ ಬರೀ 6 ಕಿಲೋಮೀಟರ್ ಕಣೇ! ಆ ಪ್ರಶ್ನೆ ಬರದಿದ್ದರೆ ನನ್ನ ರಿಜಿಸ್ಟರಿನಲ್ಲಿ ಆ ಕಟ್ಟಡ ಗಟ್ಟಿಯಾಗಿ ನಿಂತೇ ಇರುತ್ತಿತ್ತು.

ದಿಲ್ಲಿಯಲ್ಲೂ ಇದೇ ಕಥೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಇಲ್ಲದವು. ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲೇ ಉತ್ತರ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಲ್ಲಬೇಕು, ಆ ಉತ್ತರದ ಮೇಲೆ ಅಲ್ಲೇ ಕೇಳುವ ಉಪಪ್ರಶ್ನೆ ಎದುರಿಸಬೇಕು. ಮಜಾ ಇರುವುದೇ ಅಲ್ಲಿ. ಬರೆದ ಉತ್ತರ ನಮ್ಮಂಥವರದ್ದು. ಉಪಪ್ರಶ್ನೆಗೆ ಮಂತ್ರಿಯೇ ಬಾಯಿ ಬಿಡಬೇಕು. ಬ್ರಿಟಿಷರು 1892ರಲ್ಲಿ ಪ್ರಶ್ನೆ ಕೇಳಲು ಬಿಟ್ಟರು. ಉಪಪ್ರಶ್ನೆ ಮಾತ್ರ 1909ರ ತನಕ ಕೊಡಲಿಲ್ಲ. ಸುಮ್ನೆ ಅಲ್ಲ.

1957ರಲ್ಲಿ ಲೋಕಸಭೆಯಲ್ಲಿ ಫಿರೋಜ್ ಗಾಂಧಿ ಎಲ್‌ಐಸಿ ದುಡ್ಡಿನ ವಿಚಾರ ಹಿಡಿದರು. ಹರಿದಾಸ್ ಮುಂದ್ರಾ ಎಂಬವರ ಕಂಪನಿಗಳಲ್ಲಿ ಜನರ ವಿಮೆ ಹಣ ಸುಮಾರು 1.24 ಕೋಟಿ ಹಾಕಿದ್ದು ಯಾಕೆ ಅಂತ. ಅವರು ಆಳುವ ಪಕ್ಷದವರೇ. ಮೇಲಾಗಿ ಪ್ರಧಾನಿ ನೆಹರೂ ಅಳಿಯ! ಮಾವನ ಸರ್ಕಾರವನ್ನೇ ಬಿಡಲಿಲ್ಲ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಹಾಗಂತ ನೀನು ನೋಡಿದ ಕಿರುಚಾಟಕ್ಕೆ ನಾನು ವಕಾಲತ್ತು ಹಾಕುತ್ತಿಲ್ಲ. ಲೋಕಸಭೆಯಲ್ಲಿ ಗಲಾಟೆಗೆ ಪ್ರಶ್ನೋತ್ತರ ವೇಳೆ ಕೊಚ್ಚಿಹೋದರೆ ಚುಕ್ಕೆಯ ಪ್ರಶ್ನೆಗೂ ಕಾಗದದ ಉತ್ತರವೇ ಗತಿ. ಉಪಪ್ರಶ್ನೆ ಇಲ್ಲ. ಸದನದ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ, ಇಳಿದು ಕೂಗಿದವರು ಮಂತ್ರಿಗೆ ಮಾಡಿಕೊಟ್ಟ ಉಪಕಾರ ಅದು, ಅಲ್ವಾ?

ಆ ಅಂಗನವಾಡಿಗೆ ಕಟ್ಟಡ ಆಯ್ತು. ಮೂರು ವರ್ಷ ಹಿಡಿಯಿತು. ನಡುವೆ ಇನ್ನೆರಡು ಸಲ ಅದೇ ಪ್ರಶ್ನೆ ಬಂತು. ಎರಡೂ ಸಲ "ಪರಿಶೀಲನೆಯಲ್ಲಿದೆ" ಅಂತ ಟೈಪ್ ಮಾಡಿದವಳು ನಾನೇ.

ಈಗ ನಿನಗೊಂದು ಎಲ್‌ಎಕ್ಯೂ. ಅ) ಬಸ್ಸಿನಲ್ಲಿ ಕಳಿಸಿದ ಚಟ್ನಿಪುಡಿ ತಲುಪಿದೆಯೇ? ಆ) ತಲುಪಿದ್ದಲ್ಲಿ, ರೂಮಿನವರಿಗೂ ಕೊಟ್ಟಿದ್ದೀಯೇ? "ಉದ್ಭವಿಸುವುದಿಲ್ಲ" ಅಂದರೆ ಉಪಪ್ರಶ್ನೆ ಇದೆ.

ನಿನ್ನ
ಅಮ್ಮ