ತಾಳಿ ಕಟ್ಟುವ ಫೋಟೋ ಇಲ್ಲದ ಆಲ್ಬಮ್

ತುಮಕೂರು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಫೋನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ಯಾನನ್ 7ಡಿ ಮಾರ್ಕ್ 2, ನಿಕಾನ್ ಡಿ500 ಕ್ಯಾಮೆರಾ ಎರಡನ್ನೂ ನೋಡಿದ್ದೀಯ. ಎರಡೂ ಸೆಕೆಂಡಿಗೆ 10 ಫೋಟೋ ತೆಗೆಯುತ್ತವೆ, ಕಡಿಮೆ ಬೆಲೆಯದ್ದೇ ಸಾಕಲ್ವಾ ಮಾವ ಅಂತ ಕೇಳಿದ್ದೀಯ.

ಅಕ್ಕನ ಮದುವೆ ಆಲ್ಬಮ್‌ನಲ್ಲಿ ತಾಳಿ ಕಟ್ಟುವ ಫೋಟೋ ಯಾಕಿಲ್ಲ ಅಂತ ನೀನು ಒಮ್ಮೆ ಕೇಳಿದ್ದೆ, ನೆನಪಿದೆಯಾ? ಆಗ ನಾನು ಮಾತು ಮರೆಸಿದ್ದೆ. ಈಗ ಹೇಳುತ್ತೇನೆ.

ಗಟ್ಟಿಮೇಳ ಶುರುವಾಯಿತು. ಒಂದು ಕ್ಷಣವೂ ತಪ್ಪಬಾರದು ಅಂತ ನಾನು ಬಟನ್ ಒತ್ತಿ ಹಿಡಿದುಬಿಟ್ಟೆ. ನನ್ನ ಕ್ಯಾಮೆರಾದ ವೇಗ ಸೆಕೆಂಡಿಗೆ 5. ರಾ ಫೋಟೋ, ಅಂದರೆ ಸಂಸ್ಕರಿಸದ ಮೂಲ ಫೈಲ್ ಆದರೆ ಒಂದೇ ಉಸಿರಿಗೆ 10 ಹಿಡಿಸುತ್ತಿತ್ತು. ಎರಡು ಸೆಕೆಂಡಿಗೆ ತುಂಬಿಹೋಯಿತು. ಒಂದೊಂದು ಫೈಲ್ 25 ಎಂಬಿ, ಒಟ್ಟು 250. ನಾನು ಹಾಕಿದ್ದ ಅಗ್ಗದ ಕಾರ್ಡ್ ಸೆಕೆಂಡಿಗೆ 20 ಎಂಬಿ ಬರೆದುಕೊಂಡರೆ ಹೆಚ್ಚು. ಲೆಕ್ಕ ಹಾಕು, ಹನ್ನೆರಡು ಸೆಕೆಂಡು ದಾಟುತ್ತದೆ. ಕೆಂಪು ದೀಪ ಮಿನುಗುತ್ತಲೇ ಇತ್ತು, ಅಷ್ಟರಲ್ಲಿ ಮೂರು ಗಂಟೂ ಬಿದ್ದಾಗಿತ್ತು. ತಲೆ ಎತ್ತಿ ನೋಡಿದರೆ ಎಲ್ಲರೂ ಅಕ್ಷತೆ ಹಾಕುತ್ತಿದ್ದರು. ಅಕ್ಕ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಆದರೆ ಆ ಆಲ್ಬಮ್ ತೆಗೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕ್ಯಾಮೆರಾ ಒಳಗೆ ಬಫರ್ ಅಂತ ಇರುತ್ತದೆ. ನಮ್ಮ ಬೀದಿಯ ರಾಗಿ ಮಿಲ್ಲಲ್ಲಿ ಮೇಲೊಂದು ಡಬ್ಬ ಇದೆಯಲ್ಲ, ಹಾಗೆ. ನೀನು ಎಷ್ಟು ಬೇಗ ಸುರಿದರೂ ಕಲ್ಲು ಬೀಸುವಷ್ಟೇ ಕೆಳಗಿಳಿಯುವುದು. ಡಬ್ಬ ತುಂಬಿತು ಅಂದರೆ ಕೈ ಕಟ್ಟಿ ನಿಲ್ಲಬೇಕು. ಆ ಕಲ್ಲೇ ಮೆಮೊರಿ ಕಾರ್ಡ್.

ಈಗ ನಿನ್ನ ಎರಡು ಕ್ಯಾಮೆರಾಗೆ ಬರೋಣ. 2014ರ 7ಡಿ ಮಾರ್ಕ್ 2, ವೇಗದ ಕಾರ್ಡ್ ಹಾಕಿದರೂ ಸುಮಾರು 31 ರಾ ಫೋಟೋಗೆ ಏದುಸಿರು ಬಿಡುತ್ತದೆ. ಅಂದರೆ ಮೂರು ಸೆಕೆಂಡು. 2016ರ ಡಿ500, ಎಕ್ಸ್‌ಕ್ಯೂಡಿ ಅನ್ನುವ ಅತಿ ವೇಗದ ಕಾರ್ಡ್ ಇದ್ದರೆ 200ರವರೆಗೆ ಓಡುತ್ತದೆ, ಇಪ್ಪತ್ತು ಸೆಕೆಂಡು. ಇಬ್ಬರದೂ 10 ಅನ್ನುವುದು ನಿಜ, ಆದರೆ ಎಷ್ಟು ಹೊತ್ತು ಅನ್ನುವುದೇ ಬೇರೆ. ಕಾರ್ಡ್ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಅಂಕಿ ಸಾಮಾನ್ಯವಾಗಿ ಓದುವ ವೇಗ. ಬರೆಯುವ ವೇಗ ಅದಕ್ಕಿಂತ ಕಡಿಮೆ ಇರುತ್ತದೆ. ವಿ30 ಅಂತ ಗುರುತಿದ್ದರೆ ಸೆಕೆಂಡಿಗೆ 30 ಎಂಬಿಗಿಂತ ಕೆಳಗಿಳಿಯದೆ ಬರೆಯುತ್ತದೆ ಅಂತ ಅರ್ಥ. ಅದನ್ನು ನೋಡಿ ತಗೋ.

ಇನ್ನೊಂದು ಗೊಂದಲ ನಿನ್ನ ಮೆಸೇಜಲ್ಲೇ ಇತ್ತು. ಸೆಕೆಂಡಿಗೆ 10 ಅಂದರೆ ಚಿತ್ರ ಮಸುಕಾಗುವುದಿಲ್ಲ ಅಂತಲ್ಲ. ಮೈದನಹಳ್ಳಿಯ ಕೃಷ್ಣಮೃಗಗಳನ್ನು ನೀನು ಕಂಡಿದ್ದೀಯ. ಒಂದು ಬೆದರಿದರೆ ಸಾಕು, ಹಿಂಡೆಲ್ಲ ಒಂದರ ಹಿಂದೆ ಒಂದು ಚಂಗನೆ ನೆಗೆಯುತ್ತವೆ. ಆ ಕಾಲು ಸ್ಪಷ್ಟವಾಗಿ ಸಿಗಬೇಕಾದರೆ ಶಟರ್ ಸ್ಪೀಡ್, ಅಂದರೆ ಒಂದು ಚಿತ್ರಕ್ಕೆ ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ 1/1000ಕ್ಕಿಂತ ಚುರುಕಾಗಿರಬೇಕು. ಫೋಕಸ್ ಕೂಡ ಓಡುವ ಪ್ರಾಣಿಯ ಜೊತೆ ಓಡಬೇಕು. ಕ್ಯಾನನ್‌ನಲ್ಲಿ ಅದು ಎಐ ಸರ್ವೊ, ನಿಕಾನ್‌ನಲ್ಲಿ ಎಎಫ್-ಸಿ. ಅದನ್ನು ಮರೆತರೆ ಹತ್ತಕ್ಕೆ ಹತ್ತೂ ಮಸುಕು. ಬಟನ್ ಒತ್ತಿ ಹಿಡಿಯಬೇಡ ಪುಟ್ಟಿ. ನೆಗೆಯುವ ಹೊತ್ತಿಗೆ ನಾಲ್ಕು, ಬಿಡು, ಮತ್ತೆ ನಾಲ್ಕು. ಬಫರ್‌ಗೂ ಬಿಡುವು ಸಿಗುತ್ತದೆ. ಎರಡೂ ಕ್ಯಾಮೆರಾದ ಶಟರ್ ಎರಡು ಲಕ್ಷ ಹೊಡೆತಕ್ಕೆ ಅಂತ ಮಾಡಿದ್ದು. ಬಿಟ್ಟು ಬಿಟ್ಟು ಒತ್ತಿದರೂ, ಒತ್ತಿದ ಹೊತ್ತು ಒಟ್ಟು ಒಂದು ನಿಮಿಷ ಆದರೆ 600 ಖರ್ಚು. ಹಳೆಯ ಮಾಲೀಕರು ಎಷ್ಟು ಹೊಡೆದಿದ್ದಾರೆ ಅಂತ ಮೊದಲೇ ಕೇಳು.

ವೈ-ಫೈ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. 7ಡಿ ಮಾರ್ಕ್ 2ರ ಒಳಗೆ ಅದು ಇಲ್ಲವೇ ಇಲ್ಲ. ಡಿ500ರಲ್ಲಿ ವೈ-ಫೈ, ಬ್ಲೂಟೂತ್ ಎರಡೂ ಇವೆ. ಕ್ಯಾಮೆರಾ ತಾನೇ ಒಂದು ನೆಟ್‌ವರ್ಕ್ ಹುಟ್ಟಿಸಿ ಫೋನ್‌ಗೆ ಸೇರುತ್ತದೆ, ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ. ಬ್ಲೂಟೂತಲ್ಲಿ ತಾನಾಗಿ ಹೋಗುವುದು 2 ಮೆಗಾಪಿಕ್ಸೆಲ್‌ನ ಚಿಕ್ಕ ಚಿತ್ರ, ಅಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಅಷ್ಟು ಸಾಕು. ಚಿತ್ರ ಫೋನ್‌ಗೆ ಬಂತು ಅಂತ ಕಾರ್ಡ್ ಮಾತ್ರ ಅಳಿಸಬೇಡ. ರಾ ಫೈಲ್ ಆ ದಾರಿಯಲ್ಲಿ ಬರುವುದೇ ಇಲ್ಲ. ಸಿರಾ ಹತ್ತಿರದ ಕೊಕ್ಕರೆಗಳ ಊರು ಕಗ್ಗಲಡುವಿಗೆ ಹೋದರೆ ಹುಣಸೆಮರದ ಕೆಳಗೆ ಟ್ರೈಪಾಡ್ ನಿಲ್ಲಿಸಿ, ದೂರ ಕೂತು ಫೋನಿಂದ ಕ್ಲಿಕ್ ಮಾಡಬಹುದು. ಗೂಡಲ್ಲಿ ಕೂತ ಕೊಕ್ಕರೆಗೆ ಅದು ಸರಿ. ಹಾರುವುದಕ್ಕೆ ಆಗಲ್ಲ, ಆಗ ಫೋಕಸ್ ನಿಧಾನ.

ನನ್ನ ಅಭಿಪ್ರಾಯ ಕೇಳಿದರೆ, ಎಕ್ಸ್‌ಕ್ಯೂಡಿ ಕಾರ್ಡ್ ಮತ್ತು ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ರೀಡರ್ ಸೇರಿಸಿ ಕೊಡುತ್ತಾರೆ ಅಂದರೆ ಡಿ500 ತಗೋ. ಇಲ್ಲದಿದ್ದರೆ 7ಡಿ ಮಾರ್ಕ್ 2 ತಗೊಂಡು, ಉಳಿದ ದುಡ್ಡನ್ನು ಲೆನ್ಸ್‌ಗೆ ಹಾಕು. ಮೂರು ಸೆಕೆಂಡಲ್ಲಿ ನೆಗೆತ ಹಿಡಿಯುವುದನ್ನು ನಾನು ಕಲಿಸುತ್ತೇನೆ.

ಶನಿವಾರ ರಾತ್ರಿಯೇ ಮನೆಗೆ ಬಂದುಬಿಡು. ಬೆಳಕು ಹರಿಯುವಷ್ಟರಲ್ಲಿ ಮೈದನಹಳ್ಳಿಯಲ್ಲಿರಬೇಕು. ಡಿ500 ತಗೊಂಡರೆ ಆ ರೀಡರ್ ತರಲು ಮರೀಬೇಡ, ನನ್ನ ಹತ್ತಿರ ಇರುವುದು ಎಸ್‌ಡಿ ಕಾರ್ಡಿನದು ಮಾತ್ರ.

ನಿನ್ನ ಮಾವ